ಹೋಗ್ತೀನಿ ಅನ್ನದ ಭರಮಪ್ಪ

ಮೂರು ವರ್ಷ ನಮ್ಮ ಜೊತೆಗಿದ್ದ ಭರಮಪ್ಪ ಕಳೆದ ಭಾನುವಾರ ಕಾಡಿನಲ್ಲೇ ಉಳಿದುಬಿಟ್ಟ. ಹೊರಗೆ ಬರಲು ಅವನು ಒಂದೇ ಒಂದು ಪದ ಹೇಳಬೇಕಿತ್ತು. ಹೇಳಲಿಲ್ಲ.

ಗಾಬರಿ ಬೇಡ. ಭರಮಪ್ಪ ಅನ್ನುವವನು ಇಲ್ಲ. ಕಾಡೂ ಇಲ್ಲ. ಇದ್ದದ್ದು ಪುಣೆಯ ಧನಕವಡಿಯ ಒಂದು ಉಡುಪಿ ಹೋಟೆಲು, ಅದರ ಮಹಡಿಯ ಫ್ಯಾಮಿಲಿ ರೂಮು, ಒಂದು ಮೇಜು, ನಾಲ್ಕು ಜನ, ಇಪ್ಪತ್ತು ಮುಖದ ಒಂದು ದಾಳ.

ನನ್ನ ಭಾನುವಾರದ ಹುಚ್ಚು ನಿಮ್ಮಲ್ಲಿ ಹಲವರಿಗೆ ಗೊತ್ತು. ಗೊತ್ತಿಲ್ಲದವರಿಗೆ ಇಷ್ಟು ಸಾಕು: ಕಂಪ್ಯೂಟರ್ ಇಲ್ಲದೆ, ಸ್ಕ್ರೀನ್ ಇಲ್ಲದೆ, ಬಾಯಿಮಾತಲ್ಲೇ ಆಡುವ ಆಟ ಇದು. ಒಬ್ಬರು ಕಥೆ ನಡೆಸುತ್ತಾರೆ (ನಾನು). ಉಳಿದವರು ಒಂದೊಂದು ಪಾತ್ರವಾಗುತ್ತಾರೆ. "ಎದುರಿಗೆ ಬಾಗಿಲಿದೆ, ಏನ್ ಮಾಡ್ತೀರ?" ಅಂತ ನಾನು ಕೇಳುತ್ತೇನೆ. ಒದೆಯುತ್ತಾರೋ, ತಟ್ಟುತ್ತಾರೋ, ಓಡಿಹೋಗುತ್ತಾರೋ, ಅದು ಅವರ ಇಷ್ಟ. ಒದ್ದರೆ ಬಾಗಿಲು ಮುರಿಯುತ್ತದೋ ಕಾಲು ಮುರಿಯುತ್ತದೋ, ಅದು ದಾಳದ ಇಷ್ಟ.

ಆಡುವವರು ಮೂವರು. ಹೋಟೆಲ್ ಮಾಲೀಕರ ಮಗ ಸುಶಾಂತ, ಕುಂದಾಪುರ ಕಡೆಯವನು, ಆಟದಲ್ಲಿ ಕಳ್ಳ. ಮೃಣಾಲ್, ಮರಾಠಿ ಹುಡುಗಿ, ನಮ್ಮ ಸಹವಾಸದಿಂದ ಅರೆಬರೆ ಕನ್ನಡ ಕಲಿತವಳು, ಆಟದಲ್ಲಿ ಮಂತ್ರಗಾತಿ. ಮೂರನೆಯವನು ಬಸವರಾಜ, ನಮ್ಮೆಲ್ಲರ ಬಸು. ಊರು ವಿಜಯಪುರ ಜಿಲ್ಲೆಯ ಇಂಡಿ ಹತ್ತಿರ. ಇಂದಾಪುರದ ಕಬ್ಬಿನ ಹೊಲಗಳಲ್ಲಿ ಡ್ರಿಪ್ ಪೈಪ್ ಕೂಡಿಸುವ ಕಂಪನಿಯ ಸೂಪರ್‌ವೈಸರ್. ಪ್ರತಿ ಭಾನುವಾರ ಸಂಜೆ ಆಟ ಮುಗಿಸಿ ಬೈಕ್ ಹತ್ತಿದರೆ ಮತ್ತೆ ಕಾಣುವುದು ಶನಿವಾರ. ಬಸುವಿನ ಪಾತ್ರವೇ ಭರಮಪ್ಪ: ಎರಡಾಳೆತ್ತರದ ಕೊಡಲಿ, ನಾಲ್ಕಾಳಿನ ಊಟ, ಮೊದಲ ದಿನದಿಂದಲೂ ಸಾಯದೆ ಉಳಿದಿರುವ ಏಕೈಕ ವ್ಯಕ್ತಿ.

ಈ ಸಲ ನಾನು ಹೆದರಿಸುವ ಕಾಡು ಬರೆದಿದ್ದೆ.

ನಂಬದವಳು ಹೆದರಿಸುವುದೇ? ಯಾಕಾಗಬಾರದು? ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಶಕುನ, ದೆವ್ವ, ಬೆಕ್ಕು ಅಡ್ಡ ಬರುವುದು, ಎಲ್ಲದರ ವಿರುದ್ಧ ಮಾತಾಡಿ ಪರ್ಯಾಯ ಪಾರಿತೋಷಕ ಹೊತ್ತು ತಂದವಳು ನಾನು. ಎದುರಾಳಿ ಎಲ್ಲಿ ಬೆಚ್ಚುತ್ತಾನೆ ಅನ್ನುವುದು ನಂಬುವವರಿಗಿಂತ ನನಗೆ ಚೆನ್ನಾಗಿ ಗೊತ್ತು. ಹೆದರಿಸಲು ಹಲ್ಲು ಬೇಡ, ಉಗುರು ಬೇಡ. ದಿನಾ ಮಾಡುವ ಒಂದು ಕೆಲಸ ಸಾಕು.

ಹೇಳಿ, ಯಾರ ಮನೆಯಿಂದಲಾದರೂ ಹೊರಡುವಾಗ ನೀವು ಏನನ್ನುತ್ತೀರಿ?

"ಬರ್ತೀನಿ."

ಹೊರಟಿರುವುದು ಹೋಗುವುದಕ್ಕೆ. ಹೇಳುವುದು ಬರ್ತೀನಿ. ಮರಾಠಿಯವರೂ ಹಾಗೇ, ಹೋಗುವಾಗ "ಯೇತೋ", "ಯೇತೇ" ಅನ್ನುತ್ತಾರೆ. ಹೋಗ್ತೀನಿ ಅಂದರೆ ಅಪಶಕುನ. (ಚಿಕ್ಕವಳಿದ್ದಾಗ ಒಮ್ಮೆ ಹಟಕ್ಕೆ ಅಂದು ಅಮ್ಮನಿಂದ ತಲೆಗೆ ಮೊಟಕಿಸಿಕೊಂಡಿದ್ದೇನೆ.) ನಾನು ಬರೆದ ಕಾಡಿಗೆ ಒಂದೇ ಕಾನೂನು: ಇಲ್ಲಿ ಆಡಿದ ಮಾತು ನಡೆದೇ ತೀರಬೇಕು. ಆ ಕಾನೂನನ್ನು ಯಾರಿಗೂ ಹೇಳಲಿಲ್ಲ.

ಮಧ್ಯಾಹ್ನ ಮೂರು ಗಂಟೆ. ಊಟದ ಹೊತ್ತು ಮುಗಿದು ಹೋಟೆಲಿನ ಶಟರ್ ಅರ್ಧ ಇಳಿದಿತ್ತು. ಮಹಡಿಯಲ್ಲಿ ಸುಶಾಂತನ ಅಪ್ಪ ದೇವರ ಮಂಟಪ ಇಟ್ಟಿರುವುದರಿಂದ ಚಪ್ಪಲಿಗಳೆಲ್ಲ ಮೆಟ್ಟಿಲ ಕೆಳಗೆ. ಕರೆಂಟ್ ಹೋಗಿತ್ತು. ಗೋಡೆಯ ಎಗ್ಸಾಸ್ಟ್ ಫ್ಯಾನ್ ಗಾಳಿಗೆ ತನ್ನಷ್ಟಕ್ಕೆ ತಿರುಗುತ್ತ, ಮೇಜಿನ ಮೇಲಿದ್ದ ನಮ್ಮ ಕೈಗಳ ಮೇಲೆ ನೆರಳು ಹಾಯಿಸುತ್ತಿತ್ತು.

"ಕಾಡು ದಾಟಿ ಆಚೆ ಊರು ಸೇರಬೇಕು. ಅಷ್ಟೇ," ಅಂದೆ.

"ಅಷ್ಟೇ ಅಂದ್ರೆ ನನಗೆ ಹೆದರಿಕೆ ಆಗ್ತದೆ ಮಾರಾಯ್ತಿ," ಅಂದ ಸುಶಾಂತ.

ಹಕ್ಕಿ ಕೂಗದ ಕಾಡು. ಎಲೆ ಅಲುಗುತ್ತದೆ, ಸದ್ದಿಲ್ಲ. ಸ್ವಲ್ಪ ದೂರದಲ್ಲಿ ಹೊಗೆ, ಒಂದು ಗುಡಿಸಲು. ಒಳಗೆ ಬೆನ್ನು ತಿರುಗಿಸಿ ಕೂತು ಒಲೆ ಊದುತ್ತಿರುವ ಒಬ್ಬ ಅಜ್ಜಿ. ಮಜ್ಜಿಗೆ ಕೊಟ್ಟಳು. ಮುಖ ತೋರಿಸಲಿಲ್ಲ. ಹಳ್ಳವನ್ನು ಎಡಕ್ಕೆ ಬಿಟ್ಟುಕೊಂಡು ನೇರ ನಡೆಯಿರಿ ಅಂದಳು.

"ಬಾಗ್ಲಲ್ಲಿ ಎಂತ ಉಂಟು?" ಕಳ್ಳನಿಗೆ ಸಹಜವಾದ ಪ್ರಶ್ನೆ.

"ಚಪ್ಪಲಿ."

"ಎಷ್ಟು?"

"ತುಂಬಾ. ಹೆಂಗಸರದು, ಗಂಡಸರದು, ಮಕ್ಕಳದು. ಎಲ್ಲದರ ಮೂತಿಯೂ ಬಾಗಿಲ ಕಡೆಗೆ. ಒಳಗೆ ಬಂದವರು ಬಿಟ್ಟ ಹಾಗೆ."

"ಒಳಗೆ ಅಜ್ಜಿ ಒಬ್ಳೇ ಅಲ್ವಾ?"

"ಒಬ್ಬಳೇ."

ಯಾರೂ ನಗಲಿಲ್ಲ. ಬಸು ತಲೆ ಎತ್ತಿ ನನ್ನನ್ನೇ ನೋಡಿದ. ಕಥೆ ಹತ್ತಿದೆ ಅಂದುಕೊಂಡು ನಾನು ಒಳಗೊಳಗೇ ಬೀಗಿದೆ.

ಹೊರಟರು. "ಬರ್ತೇವೆ ಅಜ್ಜಿ," ಅಂದ ಸುಶಾಂತ. "ಯೇತೇ ಹಂ, ಆಜೀ," ಅಂದಳು ಮೃಣಾಲ್. "ಬರ್ತೀವ್ರಿ ಆಯಿ," ಅಂದ ಬಸು. ಅಜ್ಜಿ ತಿರುಗದೆಯೇ ಅಂದಳು: "ಬರ್ರಿ."

ಹಳ್ಳ ಎಡಕ್ಕೆ. ನೇರ ದಾರಿ. ಅರ್ಧ ಗಂಟೆ ನಡಿಗೆ. ಮುಂದೆ ಹೊಗೆ. ಗುಡಿಸಲು. ಬೆನ್ನು ತಿರುಗಿಸಿ ಕೂತ ಅಜ್ಜಿ.

ಎರಡನೆಯ ಸಲ ಹಳ್ಳವನ್ನು ಬಲಕ್ಕೆ ಬಿಟ್ಟು ನಡೆದರು. ಹೊರಡುವಾಗ ಮತ್ತೆ "ಬರ್ತೇವೆ". ಮತ್ತೆ "ಬರ್ರಿ". ಮತ್ತೆ ಗುಡಿಸಲು.

ಮೂರನೆಯ ಸಲ ನಾನು ದನಿ ಇಳಿಸಿದೆ. "ಚಪ್ಪಲಿಗಳ ಸಾಲಿನಲ್ಲಿ ಮುಂದೆ ಮೂರು ಜೊತೆ ಹೊಸದಾಗಿ ಕಾಣಿಸ್ತಿವೆ. ಅಲ್ಲ, ಹಳೆಯವೇ, ಪಾಚಿ ಹಿಡಿದಿವೆ. ಒಂದು ಭರಮಪ್ಪನ ಎಕ್ಕಡ. ಒಂದು ಮಂತ್ರಗಾತಿಯ ಪಾದುಕೆ. ಒಂದು ಕಳ್ಳನ ಮೆತ್ತನೆ ಜೋಡು. ನೀವು ಬಗ್ಗಿ ನಿಮ್ಮ ಕಾಲು ನೋಡ್ಕೋತೀರ. ಕಾಲಲ್ಲೂ ಅವೇ ಇವೆ."

"ಅಗಂ ಬಾಯಿ!" ಮೃಣಾಲ್ ಎರಡೂ ಕಾಲೆತ್ತಿ ಕುರ್ಚಿಯ ಮೇಲಿಟ್ಟುಕೊಂಡಳು.

ಒಗಟಿನ ಬೀಗ ತೆಗೆದವನು ಸುಶಾಂತ. "ನಾವೇ ಬರ್ತೇವೆ ಬರ್ತೇವೆ ಅಂತ ಹೇಳ್ತಾ ಇದ್ದೇವಲ್ಲ ಮಾರಾಯ್ತಿ! ಮತ್ತೆ ಬಾರದೆ ಎಂತ ಮಾಡುದು?" ಬಾಗಿಲಿಗೆ ಬಂದು ಜೋರಾಗಿ, "ಅಜ್ಜಿ, ನಾನು ಹೋಗ್ತೇನೆ!" ಅಂದ. ಅಂದವನೇ ಮೆಟ್ಟಿಲ ಕಡೆ ನೋಡಿ ಪಿಸುಗುಟ್ಟಿದ: "ಅಪ್ಪನಿಗೆ ಕೇಳ್ಲಿಲ್ಲ ಅಲ್ವಾ?"

ಮೃಣಾಲ್ ಇಂಗ್ಲಿಷಿನಲ್ಲಿ ಹೇಳಿ ಜಾರಿಕೊಳ್ಳಲು ನೋಡಿದಳು. ಅಜ್ಜಿಗೆ ಇಂಗ್ಲಿಷ್ ಬರಲ್ಲ ಅಂದೆ. ಕೊನೆಗೆ ಕಣ್ಣು ಮುಚ್ಚಿ, ಮರಾಠಿಯ ಹೋಗ್ತೀನಿಯನ್ನೇ, "ಜಾತೇ, ಆಜೀ" ಅಂದು, ಕಣ್ಣು ಬಿಟ್ಟದ್ದೇ ಫೋನ್ ಎತ್ತಿಕೊಂಡು ಎಲ್ಲ ಕ್ಷೇಮ ತಾನೇ ಅಂತ ಮನೆಗೆ ಮೆಸೇಜ್ ಮಾಡಿದಳು. ಎಂ.ಎಸ್ಸಿ. ಓದಿದ ಹುಡುಗಿ! ನಾನು ಇದನ್ನೆಲ್ಲ ಸವಿಯುತ್ತಿದ್ದೆ. ಇಬ್ಬರೂ ಕಾಡಿನಿಂದ ಪಾರಾದರು.

"ಬಸು, ನೀನು?"

"ನಾ ಅನ್ನಂಗಿಲ್ಲ."

"ಅನ್ನದಿದ್ದರೆ ಭರಮಪ್ಪ ಹೊರಗೆ ಬರೋಕಾಗಲ್ಲ."

"ಆಗ್ಲಿ ಬಿಡ್ರಿ."

ಮೂರು ವರ್ಷದ ಭರಮಪ್ಪ! ಬಸು ಜ್ವರ ಬಂದಾಗಲೂ ಬಂದು ಉಳಿಸಿಕೊಂಡ ಭರಮಪ್ಪ. ನನ್ನೊಳಗಿನ ಸ್ಪರ್ಧಿ ಎದ್ದು ನಿಂತಳು. ಶುರು ಮಾಡಿದೆ. ಒಂದು, ಇದು ಆಟ. ಎರಡು, ಹೇಳುವವನು ನೀನಲ್ಲ, ಭರಮಪ್ಪ. ಮೂರು, ಹೇಳಿಸಿಕೊಳ್ಳುವ ಅಜ್ಜಿಯೂ ಇಲ್ಲ. ಇಲ್ಲದವನು ಇಲ್ಲದವಳಿಗೆ ಹೇಳಿದ ಮಾತು ಇರುವವನಿಗೆ ಹೇಗೆ ತಟ್ಟುತ್ತದೆ? ನಾಲ್ಕು...

"ಭರಮ್ಯಾ ನಿಮ್ಮವ, ಅಜ್ಜಿ ನಿಮ್ಮಾಕಿ," ಅಂದ ಬಸು. "ಬಾಯಿ ನಂದಲ್ಲೇನ್ರೀ?"

"ಬಾಯಿ ನಿಂದೇ. ಆದರೆ ಒಂದು ಶಬ್ದಕ್ಕೆ ಯಾವ ಶಕ್ತಿಯೂ ಇಲ್ಲ ಬಸು!"

"ಹೌದ್ರಿ ವಕೀಲ್ರ?" (ವಾದ ಜಾಸ್ತಿಯಾದಾಗ ಅವನು ನನ್ನನ್ನು ಕರೆಯುವುದು ಹೀಗೆ.) "ಶಬ್ದಕ್ಕ ಏನೂ ತಾಕತ್ ಇಲ್ಲಂದ್ರ, ನಾ ಅದನ್ನ ಅನ್ಲೇಬೇಕು ಅಂತ ನಿಮಗ್ಯಾಕ ಇಷ್ಟು ಹಟಾ?"

ಅಧ್ಯಕ್ಷರೇ, ನಿರ್ಣಾಯಕರೇ, ಈ ಅಂಕ ಎದುರಾಳಿಗೇ ಕೊಟ್ಟುಬಿಡಿ.

ಫ್ಯಾನಿನ ನೆರಳು ಮೇಜಿನ ಮೇಲೆ ಒಂದು ಸುತ್ತು ಬಂತು. ಬಸು ದಾಳವನ್ನು ಕೈಯಲ್ಲಿ ಹಿಡಿದುಕೊಂಡು ಕೇಳಿದ: "ಚಪ್ಪಲಿ ಮಾತು ನಿಮಗ ಯಾರ್ ಹೇಳಿದ್ರು?"

"ಯಾವ ಮಾತು?"

"ನಮ್ಮನಿ ಬಾಗಲದಾಗಿನ ಚಪ್ಪಲಿ."

ಯಾರೂ ಹೇಳಿರಲಿಲ್ಲ. ಅವನಿಗೊಬ್ಬ ಅಣ್ಣ ಇದ್ದಾನೆ ಅನ್ನುವುದೇ ನಮಗೆ ಗೊತ್ತಿರಲಿಲ್ಲ. ಬಸು ಹೇಳಿದ್ದು ನಾಲ್ಕೇ ಮಾತು. ಹತ್ತು ವರ್ಷದ ಹಿಂದೆ ಅಣ್ಣ ಮನೆಯಲ್ಲಿ ಜಗಳ ಆಡಿಕೊಂಡು ಹೊರಟ. ಒಳಗಿಂದ ಅವ್ವ, "ಬರ್ತೀನಿ ಅಂತ ಅಂದು ಹೋಗೋ" ಅಂತ ಕೂಗಿದಳು. ಅವನು ಅಂಗಳದಲ್ಲಿ ನಿಂತು, ತಿರುಗಿ ನೋಡಿ, ಬೇಕೆಂದೇ "ಹೋಗ್ತೀನಿ" ಅಂದ.

"ಸತ್ತಾನ ಅಂತ ಯಾರೂ ಅಂದಿಲ್ರಿ," ಅಂದ ಬಸು. "ಬಂದಿಲ್ಲ, ಅಷ್ಟ. ಅಂವಂದೊಂದು ಹಳೀ ರಬ್ಬರ್ ಚಪ್ಪಲಿ ಮನ್ಯಾಗ ಉಳದಾವ. ಅವ್ವ ದಿನಾ ಸಂಜಿಕ ಅವನ್ನ ಹೊಸ್ತಲಾ ಮುಂದ ಇಡ್ತಾಳ. ಮಾರಿ ಒಳಗ ಮಾಡಿ. ನೋಡಿದವ್ರಿಗೆ ಮಗಾ ಮನ್ಯಾಗ ಅದಾನ ಅನ್ನಿಸ್ಲಿ ಅಂತ."

ಕಾಕತಾಳೀಯ, ಅಂದಿತು ನನ್ನ ತಲೆ. ಯಾರ ಮನೆಯಲ್ಲೂ ಬಿಟ್ಟ ಚಪ್ಪಲಿಯ ಮೂತಿ ಒಳಗೇ ಇರುತ್ತದೆ, ಇದರಲ್ಲೇನಿದೆ ಅಂದಿತು. ಅಣ್ಣನನ್ನು ಕಳಿಸಿದ್ದು ಜಗಳ, ಶಬ್ದ ಅಲ್ಲ ಅಂತಲೂ ಅಂದಿತು. ಎಲ್ಲವೂ ಸರಿಯಾದ ವಾದಗಳೇ.

"ಭರಮ್ಯಾ ಈಗ ಗುಡಸಲಾ ಬಾಗಲಿಗೆ ಬರ್ತಾನ್ರಿ," ಅಂದ ಬಸು. ದನಿ ಆಟದ್ದಾಗಿತ್ತು, ಕಣ್ಣು ಆಟದಲ್ಲಿರಲಿಲ್ಲ. "ಆ ಚಪ್ಪಲಿ ಒಂದೊಂದ ಎತ್ತಿ ನೋಡ್ತಾನ. ಅದರಾಗ ಕಂದು ಬಣ್ಣದ ಕೊಲ್ಹಾಪುರಿ ಒಂದು ಜೋಡಿ ಅದನ? ಎಡಗಾಲಿಂದು ಹೆಬ್ಬಟ್ಟು ತೂರಸೂ ಉಂಗುಟಾ ಹರದದ್ದು. ತಂತಿ ಕಟ್ಟಿದ್ದು. ಅಣ್ಣ ಹಾಕ್ಕೊಂಡ ಹೋಗಿದ್ದು ಅದನ್ನ."

ಇಂಥ ಪ್ರಶ್ನೆ ಬಂದರೆ ಕಥೆ ನಡೆಸುವವರಿಗೆ ಸುಲಭದ ದಾರಿ ಇದೆ. "ದಾಳ ಹಾಕು," ಅಂದೆ.

"ಇದಕ್ಕ ದಾಳ ಹಾಕಂಗಿಲ್ರಿ. ನೀವು ನೋಡಿ ಹೇಳ್ರಿ."

ನೋಡಿ ಹೇಳುವುದೇ? ಇಲ್ಲದ್ದನ್ನು?

ನಾನು ಕಣ್ಣು ಮುಚ್ಚಿದೆ. ನನ್ನ ಮೇಲೆ ಆಣೆ, ಸುಮ್ಮನೆ ನಟಿಸಲು ಮುಚ್ಚಿದ್ದು. ಆದರೆ ಗುಡಿಸಲು ಅಲ್ಲಿತ್ತು. ನಾನು ಬರೆದಿದ್ದಕ್ಕಿಂತ ಹೆಚ್ಚು ಚಪ್ಪಲಿಗಳಿದ್ದವು. ನಾನು ಬರೆಯದ ಬೂಟುಗಳಿದ್ದವು, ಗೆಜ್ಜೆ ಹೊಲಿದ ಮಗುವಿನ ಜೋಡೊಂದಿತ್ತು. ಒದ್ದೆ ಚರ್ಮದ ವಾಸನೆ ಇತ್ತು. ಒಂದು ಸಾಲು ನೋಡಿದೆ. ಕೆಳಗಿನದ್ದು ಸರಿಸಿ ನೋಡಿದೆ. ಕಂದು ಬಣ್ಣದ್ದು ಸಿಕ್ಕಾಗಲೆಲ್ಲ ಎಡಗಾಲಿನದನ್ನು ತಿರುಗಿಸಿದೆ. ಒಳಗೆ ಒಲೆ ಊದುವ ಸದ್ದು ನಿಂತಿತ್ತು. ಆ ಮುದುಕಿ ನನ್ನ ಬೆನ್ನನ್ನು ನೋಡುತ್ತಿದ್ದಾಳೆ ಅನ್ನಿಸಿತು. ಮತ್ತೊಮ್ಮೆ ಮೊದಲಿನಿಂದ ನೋಡಿದೆ.

"ಇಲ್ಲ ಬಸು. ನಿಮ್ಮಣ್ಣನ ಚಪ್ಪಲಿ ಇಲ್ಲಿಲ್ಲ."

"ಖರೇ?"

"ಎರಡು ಸಲ ನೋಡಿದೆ."

ಬಸು ಬಿಟ್ಟ ಉಸಿರು ಮೇಜಿನ ಈ ತುದಿಗೆ ಕೇಳಿಸಿತು. "ಹಂಗಾದ್ರ ಅಂವಾ ಇದರಾಗ ಸಿಕ್ಕಿಲ್ಲ," ಅಂದ. "ಹೊರಗ ಎಲ್ಲೋ ಅದಾನ."

ಭರಮಪ್ಪನ ವಿವರ ಬರೆದಿದ್ದ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿ ಜೇಬಿಗಿಟ್ಟುಕೊಂಡ. ಅವನನ್ನು ಪಾರು ಮಾಡಲು ನಾನು ಕಾಡಿನ ಕಾನೂನನ್ನೇ ಬದಲಿಸಲು ತಯಾರಿದ್ದೆ. (ಹೌದು, ನಾನು. ದಾಖಲಿಸಿಕೊಳ್ಳಿ.) ಬಸು ಬೇಡ ಅಂದ. "ಇರ್ಲಿ ಬಿಡ್ರಿ. ಯಾರರ ಬಂದ್ರ, ಈಕಿಗೆ ಬರ್ತೀನಿ ಅನಬ್ಯಾಡ್ರೋ ಅಂತ ಹೇಳಾಕ ಅಲ್ಲೊಬ್ಬ ಬೇಕಲ್ಲ."

ಕರೆಂಟ್ ಬಂತು. ಕೆಳಗೆ ಶಟರ್ ಎತ್ತಿದ ಸದ್ದು, ಅದರ ಹಿಂದೆ ಸಾಂಬಾರಿನ ವಾಸನೆ. ಸುಶಾಂತ ಮೆಟ್ಟಿಲಿಳಿದು ಚಪ್ಪಲಿ ಮೆಟ್ಟಿ ಅಡುಗೆಮನೆಗೆ ಓಡಿದ. ಮೃಣಾಲ್ "ಯೇತೇ, ಯೇತೇ" ಅಂತ ಎರಡೆರಡು ಸಲ ಹೇಳಿ ಇಳಿದಳು. ಬಸು ಹೆಲ್ಮೆಟ್ ಹಾಕಿಕೊಂಡು ಬಾಗಿಲಲ್ಲಿ ತಿರುಗಿದ. ಮುಂದೆ ಸೊಲ್ಲಾಪುರ ರಸ್ತೆ, ಇಂದಾಪುರದವರೆಗೆ ಒಬ್ಬನೇ.

"ಬರ್ತೀನ್ರಿ ವಕೀಲ್ರ."

"ಬಾ," ಅಂದೆ. ಆ ದನಿ ಗುಡಿಸಲಿನ ಮುದುಕಿಯದೇ ಅನ್ನಿಸಿ ಗಂಟಲು ಸರಿಮಾಡಿಕೊಂಡೆ.

ಹಾಳೆ, ಪೆನ್ಸಿಲ್, ದಾಳ ಎಲ್ಲ ಚೀಲಕ್ಕೆ ಹಾಕಿ ಕೊನೆಯಲ್ಲಿ ಇಳಿದವಳು ನಾನು. ಮೆಟ್ಟಿಲ ಕೆಳಗೆ ನನ್ನದೊಂದೇ ಜೊತೆ ಇರಬೇಕಿತ್ತು. ಎರಡಿದ್ದವು.

ಕಂದು ಬಣ್ಣದ ಕೊಲ್ಹಾಪುರಿ. ಮೂತಿ ಮೆಟ್ಟಿಲ ಕಡೆಗೆ.

ಪುಣೆಯಲ್ಲಿ ಕೊಲ್ಹಾಪುರಿ ಚಪ್ಪಲಿ ಕಾಣುವುದು ಬೆಂಗಳೂರಿನಲ್ಲಿ ಆಟೊ ಕಂಡ ಹಾಗೆ. ಅದು ನನಗೆ ಗೊತ್ತು. ಗೊತ್ತಿದ್ದೂ ಕೂತೆ. ಎಡಗಾಲಿನದನ್ನು ಎತ್ತಿದೆ. ಉಂಗುಟ ಗಟ್ಟಿಯಾಗಿತ್ತು, ಹೊಸ ಹೊಲಿಗೆ. ಅಷ್ಟರಲ್ಲಿ ತಾರಸಿಯ ನೀರಿನ ಟ್ಯಾಂಕ್ ರಿಪೇರಿ ಮುಗಿಸಿ ಪ್ಲಂಬರ್ ಮಾಮಾ ಬರಿಗಾಲಲ್ಲಿ ಇಳಿದು ಬಂದರು. ಕೈಯಲ್ಲಿ ತಮ್ಮ ಚಪ್ಪಲಿ ಹಿಡಿದು ಕೂತಿದ್ದ ನನ್ನನ್ನು ನೋಡಿ, "ಮಾಝೀ ಆಹೇ ತೀ, ತಾಯಿ," ಅಂದರು. ಅದು ನನ್ನದು ಕಣಮ್ಮ, ಅಂತ.

ಕ್ಷಮೆ ಕೇಳಿ ಕೊಟ್ಟೆ. ಎಲ್ಲಕ್ಕೂ ವಿವರಣೆ ಸಿಕ್ಕಿತು. ವಿವರಣೆ ಯಾವಾಗಲೂ ಸಿಗುತ್ತದೆ, ಅದು ನನ್ನ ಹಳೆಯ ವಾದ, ಇವತ್ತಿಗೂ ಅದರ ಪರವಾಗಿಯೇ ನಿಲ್ಲುತ್ತೇನೆ.

ಆದರೆ ಅಧ್ಯಕ್ಷರೇ, ಆ ಉಂಗುಟ ಹರಿದಿದ್ದರೆ?