ಅತ್ತೆ ಬಯ್ಯದ ಮೂರು ತಿಂಗಳು

ಎದೆಯ ಕ್ಯಾನ್ಸರ್ ಮೂಳೆಗೂ ಹತ್ತಿದೆ, ಪೂರ್ತಿ ವಾಸಿಯಾಗುವುದಿಲ್ಲ, ಹತೋಟಿಯಲ್ಲಿ ಇಡಬಹುದು ಎಂದು ಡಾಕ್ಟರು ಹೇಳಿದಾಗ ನಾನು ಅಳಲಿಲ್ಲ. ಗೌಡಗೆರೆಯಲ್ಲಿ ಬಸ್ಸಿಳಿದು ಮನೆಗೆ ಬಂದೆ. ಅತ್ತೆ ಒಲೆ ಬಿಟ್ಟು ಎದ್ದು ಬಂದು ನನ್ನ ಕೈಯಿಂದ ಚೀಲ ತೆಗೆದುಕೊಂಡು, 'ಕೂತ್ಕ ಮಗ, ಸುಸ್ತಾಗಿದ್ದೀಯ' ಎಂದರು. ಅಳು ಬಂದದ್ದು ಆಗ.

ಇಪ್ಪತ್ತೆರಡು ವರ್ಷದಿಂದ ಅವರು ನನ್ನನ್ನು ಕರೆದದ್ದು ಮೂದೇವಿ ಅಂತ. ಉಪ್ಪು ಜಾಸ್ತಿಯಾದರೆ ಬಯ್ಯುತ್ತಿದ್ದರು, ಕಮ್ಮಿಯಾದರೂ ಬಯ್ಯುತ್ತಿದ್ದರು. ನಾನೇನು ಬಾಯಿ ಸತ್ತವಳೇ? ಅವರು ಒಂದೆಂದರೆ ಎರಡು ಅನ್ನುತ್ತಿದ್ದೆ. ಆ ಮನೆಯಲ್ಲಿ ನಮ್ಮಿಬ್ಬರ ಬದುಕು ಹಾಗೇ ನಡೆದಿತ್ತು.

ಆವತ್ತಿನಿಂದ ಬೈಗುಳ ನಿಂತೇಹೋಯಿತು. ಪೊರಕೆ ಮುಟ್ಟಿದರೆ ಕೂತ್ಕ, ಒಲೆ ಹತ್ತಿರ ಹೋದರೆ ಕೂತ್ಕ. ಒಂದು ದಿನ ಬೇಕೆಂದೇ ಹಾಲು ಉಕ್ಕಲು ಬಿಟ್ಟೆ. ಅತ್ತೆ ತುಟಿ ಬಿಚ್ಚದೆ ಒರೆಸಿದರು. ನೋಡಲು ಬಂದ ನೆಂಟರು ಬಾಗಿಲಲ್ಲೇ ನಿಂತು ಪಾಪ ಪಾಪ ಅನ್ನುತ್ತಿದ್ದರು. ಮೂಳೆನೋವಿಗಾದರೂ ಮಾತ್ರೆ ಇತ್ತು. ನಾನು ಆಗಲೇ ಸತ್ತಿದ್ದೇನೆ, ಇವರಿಗೆಲ್ಲ ಹೇಳಲು ಸಂಕೋಚ ಅಷ್ಟೇ ಅನ್ನಿಸತೊಡಗಿತು. ಊಟ ಬಿಟ್ಟೆ, ಗೋಡೆ ಕಡೆ ತಿರುಗಿ ಮಲಗಿದೆ. ಮೂರು ತಿಂಗಳು ಹಾಗೇ ಕಳೆಯಿತು.

ಅಷ್ಟರಲ್ಲಿ ಬಿತ್ತನೆಗೆ ಕಡಲೆಕಾಯಿ ಸುಲಿಯುವ ದಿನ ಬಂತು. ಬಿತ್ತನೆಯ ಕಾಯನ್ನು ನಮ್ಮ ಮನೆಯಲ್ಲಿ ಮಿಷನ್ನಿಗೆ ಹಾಕುವುದಿಲ್ಲ, ಕೈಯಲ್ಲೇ ಸುಲಿಯುತ್ತೇವೆ. ಬೀಜದ ಮೇಲಿನ ಕೆಂಪು ಸಿಪ್ಪೆ ಹರಿದರೆ ಮೊಳಕೆ ಬರುವುದು ಅನುಮಾನ. ಈ ಕೆಲಸದಲ್ಲಿ ನಮ್ಮ ಬೀದಿಗೇ ನಾನು ಎತ್ತಿದ ಕೈ. ಆ ಬೆಳಿಗ್ಗೆ ಯಾರನ್ನೂ ಕೇಳದೆ ಎದ್ದುಬಂದು ಮೊರ ಎಳೆದುಕೊಂಡು ಕೂತೆ.

ಕೂತ ಮೇಲೆ ಗೊತ್ತಾಯಿತು, ಔಷಧಿಯಿಂದ ಬೆರಳ ತುದಿಯೆಲ್ಲ ಜೋಮು. ಎಷ್ಟು ಒತ್ತಬೇಕೆಂದೇ ತಿಳಿಯುತ್ತಿಲ್ಲ. ಒಂದು ಸೇರು ಸುಲಿಯುವಷ್ಟರಲ್ಲಿ ಅರ್ಧ ಬೀಜ ಹಾಳು. ಹರಿದವನ್ನು ಕಳ್ಳಿಯಂತೆ ಸಿಪ್ಪೆರಾಶಿಯ ಅಡಿಗೆ ತಳ್ಳಿದೆ. ಅತ್ತೆ ಮೊರ ಎಳೆದು ಸಿಪ್ಪೆ ಸರಿಸಿ ನೋಡಿದರು, ನನ್ನ ಮುಖ ನೋಡಿದರು, ತಿರುಗಿ ಮೊರ ನೋಡಿದರು.

'ಕಣ್ಣೇನು ನೆತ್ತಿ ಮ್ಯಾಲೈತಾ ನಿಂಗೆ? ಹರಿದೋದ ಬೀಜ ಮೊಳೀತೈತೇನೆ ಮೂದೇವಿ?'

ಗಂಡ ಕೊಟ್ಟಿಗೆಯಿಂದ ಓಡಿಬಂದು ಅವ್ವನನ್ನೇ ಗದರಿಸಲು ಹೊರಟರು. ನೀವು ಸುಮ್ಮನಿರಿ ಎಂದು ಅವರ ಬಾಯಿ ಮುಚ್ಚಿಸಿದೆ.

'ಬೆರಳು ಜೋಮು ಹಿಡಿದೈತೆ. ಅಷ್ಟು ಚೆಂದಕ್ಕೆ ಬೇಕಾದ್ರೆ ನೀವೇ ಸುಲೀರಿ' ಎಂದೆ ಅತ್ತೆಗೆ.

'ಬೆರಳಿಗೆ ಹಿಡಿದ್ರೇನು, ಬಾಯಿಗೇನೂ ಆಗಿಲ್ಲ ಬುಡು.'

ನನಗೆ ನಗು ಬಂತು. ನಗುತ್ತಲೇ ಇದ್ದೆ, ಪಕ್ಕೆ ನೋಯುವವರೆಗೂ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, ಹರಿದ ಬೀಜವನ್ನೆಲ್ಲ ಚಟ್ನಿಗೆ ಹುರಿಯಲು ನನಗೇ ಕೊಟ್ಟರು. ಮಧ್ಯಾಹ್ನ ಎರಡು ಮುದ್ದೆ ಉಂಡೆ. ಮಾರನೆಯ ದಿನದಿಂದ ಸುಲಿಯುವುದು ಅವರು, ಕಣ್ಣಲ್ಲಿ ನೋಡಿ ಆರಿಸುವುದು ನಾನು.

ಕಾಯಿಲೆ ಎಲ್ಲೂ ಹೋಗಿಲ್ಲ. ಕೆಲವು ದಿನ ಹೆದರಿಕೆಯೂ ಆಗುತ್ತದೆ. ಆಗ ಹೆದರಿಕೆ ಅಂತ ಬಾಯಿಬಿಟ್ಟು ಹೇಳುತ್ತೇನೆ. ಮಿಕ್ಕ ದಿನ ನೆಮ್ಮದಿಯಾಗಿದ್ದೇನೆ, ಸುಳ್ಳಲ್ಲ.

ಮೊನ್ನೆ ಮೊಳಕೆ ನೋಡಲು ಅತ್ತೆ ನನ್ನ ತೋಳು ಹಿಡಿದು ಹೊಲಕ್ಕೆ ಕರೆದೊಯ್ದರು. ಸಾಲು ಪೂರಾ ಹಸಿರು. ಬದುವಿನ ಮೇಲೆ ಕೂತು, ನನ್ನ ಕಡೆ ನೋಡದೆ, 'ಕಾರ್ತೀಕದಲ್ಲಿ ಕಾಯಿ ಕೀಳಾಕೆ ನೀನೂ ಬರ್ಬೇಕು ಕಣೆ. ತಪ್ಪಿಸ್ಕಂಡ್ರೆ ಸುಮ್ಕಿರಲ್ಲ ನಾನು' ಎಂದರು.

ಇಪ್ಪತ್ತೆರಡು ವರ್ಷದಲ್ಲಿ ಅವರ ಮಾತಿಗೆ ಎದುರಾಡದೆ ಹೂಂ ಅಂದದ್ದು ಅದೊಂದೇ ಸಲ.