ರಬ್ಬರ್ ಮೂಕಪ್ಪನ ಅರ್ಧ ಸುತ್ತು

ಮೂಕಪ್ಪನ ಬಲಗೈಯಲ್ಲಿದ್ದದ್ದು ಹೆಬ್ಬೆರಳು, ತೋರುಬೆರಳು ಮಾತ್ರ. ಉಳಿದ ಮೂರು ಬೆರಳು ಹೋದದ್ದು ಎಪ್ಪತ್ತೆರಡನೇ ಇಸವಿಯ ಸುಗ್ಗಿಯಲ್ಲಿ, ಕಂಪ್ಲಿಯ ಮರುಳಸಿದ್ದಪ್ಪನವರ ಅಕ್ಕಿ ಗಿರಣಿಯಲ್ಲಿ.

ಅಲ್ಲಿ ಅವನು ಫಿಟ್ಟರ್ ಆಗಿದ್ದ. ಕಾಲುವೆ ನೀರು ಬಂದ ಮೇಲೆ ಭತ್ತದ ಗಾಡಿಗಳು ಗಿರಣಿಯ ಮುಂದೆ ಸಾಲುಗಟ್ಟುತ್ತಿದ್ದವು; ಯಂತ್ರ ನಿಲ್ಲಿಸುವ ಮಾತೇ ಇರಲಿಲ್ಲ. ಅಕ್ಕಿಯಿಂದ ಭತ್ತ ಬೇರೆ ಮಾಡುವ ದೊಡ್ಡ ಜರಡಿಯ ನಾಲ್ಕು ಕಾಲಿನ ಕೆಳಗಿನ ರಬ್ಬರು ಸವೆದು ಕಲ್ಲಿನಂತಾಗಿತ್ತು. ಓಡುವಾಗ ಜರಡಿ ಇದ್ದಲ್ಲಿ ಇರದೆ ದಿನಕ್ಕೆ ಒಂದು ಗೇಣು ಸರಿಯುತ್ತಿತ್ತು. ಮೂಕಪ್ಪ ಮೂರು ಸಲ ಹೇಳಿದ. “ಸುಗ್ಗಿ ಮುಗೀಲಿ ನೋಡೋಣು” ಎಂದರು ಸಾಹುಕಾರರು. ಒಂದು ಮಧ್ಯಾಹ್ನ ಹಾರೆಯಿಂದ ಮೂಲೆ ಎತ್ತಿ ಕಟ್ಟಿಗೆಯ ತುಂಡು ತೂರಿಸುವಾಗ ಜರಡಿ ಕುಪ್ಪಳಿಸಿ ಕೈಮೇಲೆ ಕೂತಿತು.

ಬೆರಳು ಹೋದದ್ದಕ್ಕಿಂತ ಅವನನ್ನು ಹೆಚ್ಚು ಸುಟ್ಟದ್ದು ಬೇರೆ. ಹಮಾಲರೆಲ್ಲ ನೆರೆದಿದ್ದಾಗ ಮರುಳಸಿದ್ದಪ್ಪ, “ಕುಡುದು ಬಂದಿದ್ದ ಮಗ, ನಾ ಏನ್ ಮಾಡ್ಲಿ?” ಎಂದುಬಿಟ್ಟರು. ಹೆಂಡ ಮುಟ್ಟದವನು ಮೂಕಪ್ಪ. ಆದರೆ ಮಾತು ಊರೆಲ್ಲ ಹಬ್ಬಿ ಮಲಪನಗುಡಿಯ ಮಾವನ ಮನೆಗೂ ಮುಟ್ಟಿತು. ಮಾವ ಬಂದು ಮಗಳು ಎರ್ರಮ್ಮನನ್ನು ಕರೆದುಕೊಂಡು ಹೋದ. ಅವಳು ತಿರುಗಿ ಬರಲು ಏಳು ತಿಂಗಳು ಹಿಡಿಯಿತು.

ಆಮೇಲೆ ಅವನು ಸಂಡೂರಿನ ಅದಿರು ಗಣಿಯೊಂದರ ವರ್ಕ್‌ಶಾಪ್ ಸೇರಿದ. ಕಲ್ಲು ಸೋಸುವ ಜರಡಿಗಳು ಅಲ್ಲಿ ಇಡೀ ಗುಡ್ಡವನ್ನೇ ನಡುಗಿಸುತ್ತಿದ್ದವು. ಜಡೆಪ್ಪನೆಂಬ ಮುದಿ ಫಿಟ್ಟರ್ ಅವನಿಗೆ ಒಂದೇ ವಿದ್ಯೆ ಕಲಿಸಿದ: ಯಂತ್ರದ ಕಾಲಿನ ಕೆಳಗೆ, ಯಾವ ಭಾರಕ್ಕೆ ಯಾವ ರಬ್ಬರು ಪಾದ. ಭಾರ ಕಡಿಮೆಯಿದ್ದರೆ ಗಟ್ಟಿ ರಬ್ಬರು ಬಗ್ಗುವುದೇ ಇಲ್ಲ, ನಡುಕವನ್ನೆಲ್ಲ ಹಾಗೇ ನೆಲಕ್ಕೆ ದಾಟಿಸುತ್ತದೆ. ಭಾರಕ್ಕೆ ತಾಳದಷ್ಟು ಮೆತ್ತಗಿದ್ದರೆ ಚಪ್ಪಟೆಯಾಗಿ ಬೀಳುತ್ತದೆ. ಮೂಕಪ್ಪ ಹರಿದ ಕನ್ವೇಯರ್ ಬೆಲ್ಟು ಕತ್ತರಿಸಿ, ಹೆಬ್ಬೆರಳಿನ ಉಗುರು ಊರಿ ನೋಡಿ ಪಾದ ಮಾಡತೊಡಗಿದ. ಹೊಸಪೇಟೆಗೆ ಬಂದು ನೆಲೆಸುವ ಹೊತ್ತಿಗೆ ಹಿಟ್ಟಿನ ಗಿರಣಿ, ಜನರೇಟರ್, ಏನೇ ನಡುಗಿದರೂ ಜನ ‘ರಬ್ಬರ್ ಮೂಕಪ್ಪ’ನನ್ನು ಕರೆಯುವಂತಾಯಿತು.

ಎಂಬತ್ತೇಳರಲ್ಲಿ ಸೌಂಡ್ ಸೆಟ್ಟಿನ ಅಂಗಡಿಯ ಹುಸೇನಪ್ಪ ಬಂದು, “ಒಬ್ರು ಸಾಹುಕಾರ್ರು ಹೊಸ ಮನಿ ಕಟ್ಟ್ಯಾರ. ಎದಿಮಟ ಬರೋ ಸ್ಪೀಕರ್ ಪೆಟಿಗಿ ತರ್ಸ್ಯಾರ. ಹಚ್ಚಿದ್ರ ಹಾಡಿಗಿಂತ ಮನೀನ ಜೋರು ಗುಂಯ್ ಅಂತೈತಿ. ಬಾರಪಾ” ಎಂದ.

ಯಾವ ಸಾಹುಕಾರರೆಂದು ಮಹಡಿ ಹತ್ತಿದ ಮೇಲೆ ತಿಳಿಯಿತು. ತಲೆ ನರೆತಿತ್ತು, ದನಿ ಅದೇ. ಮೂಕಪ್ಪ ಬಲಗೈಯನ್ನು ಹೆಗಲ ಮೇಲಿನ ವಲ್ಲಿಯಲ್ಲಿ ಸುತ್ತಿಕೊಂಡ. ಮರುಳಸಿದ್ದಪ್ಪನವರಿಗೆ ಗುರುತು ಸಿಗಲಿಲ್ಲ.

“ಐತಾರ ಗಿರಣಿ ಮಾಲೀಕರ್ನೆಲ್ಲ ಊಟಕ್ಕ ಕರದೀನಿ. ಇದ್ರ ಹಾಡು ಕೇಳ್ಸತೀನಿ ಅಂದೀನಿ. ಮಾನ ಉಳಸು,” ಎಂದರು.

ಮೂಕಪ್ಪ ಹಾಡು ಹಚ್ಚಿಸಿ ನೀರು ತುಂಬಿದ ಲೋಟವನ್ನು ಪೆಟ್ಟಿಗೆಯ ಮೇಲೂ ನೆಲದ ಮೇಲೂ ಇಟ್ಟು ನೋಡಿದ. ನೆಲದ ಮೇಲಿನ ನೀರೇ ಹೆಚ್ಚು ನಡುಗಿತು. ಮಹಡಿಯ ನೆಲ ಡೋಲಿನ ಚರ್ಮದಂತೆ ದನಿಯನ್ನು ಹಿಡಿದು ಬಾರಿಸುತ್ತಿತ್ತು. ಹುಸೇನಪ್ಪ ಕೆಳಗೆ ಸ್ಪಂಜು ಇಟ್ಟಿದ್ದ; ಅದರಿಂದ ಪೆಟ್ಟಿಗೆಯೇ ತೊನೆದಾಡಿ ದನಿ ಕಲಸಿಹೋಗಿತ್ತು. ಬೇಕಾದದ್ದು ಬೇರೆ: ಪೆಟ್ಟಿಗೆಗೆ ನಾಲ್ಕು ಚೂಪು ಉಕ್ಕಿನ ಪಾದ, ಅವು ಅಲುಗದಂತೆ ಕೂರಲು ದಪ್ಪ ಕಡಪ ಕಲ್ಲು, ಕಲ್ಲಿನ ಕೆಳಗೆ ಆ ಭಾರಕ್ಕೆ ತಕ್ಕಷ್ಟೇ ಬಗ್ಗುವ ರಬ್ಬರು. ಒಂದು ದಿನದ ಕೆಲಸ.

“ಎಷ್ಟ್ ಚಲೋ ರಬ್ಬರ್ ಇದ್ರೂ ತರ್ಸು. ಪಾದ ಸರಿ ಇರ್ಲಿಲ್ಲಂದ್ರ ಎಲ್ಲಾ ದಂಡ,” ಎಂದರು ಸಾಹುಕಾರರು.

ಆ ಮಾತು ಕೇಳಿದಾಗ ಮೂಕಪ್ಪನ ಹೊಟ್ಟೆಯೊಳಗೆ ಹದಿನೈದು ವರ್ಷದ ಕೆಂಡ ಊದಿದಂತಾಯಿತು. ಹಾಡಿಗೆ ಪಾದ ಬೇಕು ಇವನಿಗೆ. ಮನುಷ್ಯನ ಕೈ ಉಳಿಸಲು ಬೇಕಾಗಿರಲಿಲ್ಲ.

“ರಬ್ಬರ್ ಮದ್ಲ ನಡುಗೋ ಮಿಷನ್ ಮ್ಯಾಲ ಪರೀಕ್ಷೆ ಮಾಡ್ಬೇಕ್ರಿ,” ಎಂದ ತಣ್ಣಗೆ. “ನಿಮ್ಮ ಗಿರಣಿ ಜರಡಿ ಸಾಕು. ನೀವೂ ಬರ್ರಿ.”

ಮರುದಿನ ಕಂಪ್ಲಿಗೆ ಹೋದರು. ಅದೇ ಜರಡಿ. ಕೆಳಗೆ ಅದೇ ಸತ್ತ ರಬ್ಬರು. ಕೆಲಸ ನಿಲ್ಲಿಸಿದ್ದರಿಂದ ಹಮಾಲರು, ಅಕ್ಕಿ ಹಸನು ಮಾಡುವ ಹೆಂಗಸರು ಸುತ್ತ ನಿಂತಿದ್ದರು. ಮೂಕಪ್ಪ ಸ್ಕ್ರೂ ಜಾಕಿ ಇಟ್ಟು ಒಂದು ಮೂಲೆ ಎತ್ತಿದ.

“ಹಳೇದು ಎಷ್ಟ್ ಬಿರುಸಾಗೈತಿ, ಕೈ ಹಾಕಿ ನೋಡ್ರಿ ಸಾಹುಕಾರ್ರ. ಆಗ ಹೊಸಾದರ ಬೆಲಿ ತಿಳೀತೈತಿ.”

ಮರುಳಸಿದ್ದಪ್ಪ ಕುಕ್ಕರಗಾಲಲ್ಲಿ ಕೂತು ಕಾಲಿನ ಕೆಳಗೆ ಕೈ ತೂರಿಸಿದರು. ಮೂಕಪ್ಪ ವಲ್ಲಿ ಬಿಚ್ಚಿ, ಎರಡು ಬೆರಳಿನಿಂದ ಜಾಕಿಯ ಹಿಡಿ ಹಿಡಿದು ಅರ್ಧ ಸುತ್ತು ಇಳಿಸಿದ. ಜರಡಿ ಸಾಹುಕಾರರ ಕೈಮೇಲೆ ಮುಟ್ಟಿ ನಿಂತಿತು. ಜಜ್ಜಲಿಲ್ಲ, ಬಿಡಲೂ ಇಲ್ಲ.

“ಏಯ್! ಎತ್ತಲೇ, ಎತ್ತು!”

“ಈಗರ ಗುರ್ತು ಸಿಕ್ತೇನ್ರಿ?” ಎಂದು ಮೂಕಪ್ಪ ಮೂರು ಬೆರಳಿಲ್ಲದ ಕೈಯನ್ನು ಅವರ ಮುಖದ ಮುಂದೆ ತಂದ.

ಸಾಹುಕಾರರು ಕೈ ನೋಡಿದರು, ಮುಖ ನೋಡಿದರು. ಬೆವರು ಹಣೆಯಿಂದ ಮೂಗಿಗೆ ಇಳಿಯಿತು. “ಮೂಕಪ್ಪ... ಎತ್ತಪಾ, ದಮ್ಮಯ್ಯ.”

“ನಾ ಅವತ್ತು ಕುಡುದಿದ್ನೇನ್ರಿ?”

“ಇಲ್ಲಪಾ.”

“ನನಗ ಹೇಳಬ್ಯಾಡ್ರಿ. ಇವ್ರಿಗೆ ಹೇಳ್ರಿ.”

ಯಾವ ಹಮಾಲನೂ ಜಾಕಿಯ ಹತ್ತಿರ ಬರಲಿಲ್ಲ. “ಕುಡುದಿರ್ಲಿಲ್ಲ,” ಎಂದು ಮರುಳಸಿದ್ದಪ್ಪ ಕೂಗಿದರು. “ಮೂರು ಸಲ ಹೇಳಿದ್ದ. ನಾನ ರಬ್ಬರ್ ಹಾಕಿಸ್ಲಿಲ್ಲ.”

ಅವರು ಹೇಳಿ ಮುಗಿಸಿದ ಮೇಲೂ ಮೂಕಪ್ಪ ಹಿಡಿ ತಿರುಗಿಸಲಿಲ್ಲ. ಇನ್ನೊಂದು ಅರ್ಧ ಸುತ್ತು ಇಳಿಸಿದರೆ ಸರಿಸಮ. ಅವನ ಕೈ ಅತ್ತ ಹೊರಳಿದ್ದೂ ಹೌದು. ಎದುರಿಗೆ ಮೊರ ಹಿಡಿದು ನಿಂತಿದ್ದ ಮುದುಕಮ್ಮ, ಅವತ್ತು ಅವನ ರಕ್ತದ ಕೈಗೆ ಸೆರಗು ಹರಿದು ಕಟ್ಟಿದವಳು, “ಸಾಕು ಬಿಡಪಾ. ನಾವ್ ಕೇಳಿದ್ವಿ,” ಎಂದಳು. ಆಗ ಎತ್ತಿದ.

ಸಾಹುಕಾರರು ಪೊಲೀಸಿಗೆ ಹೋಗಲಿಲ್ಲ. ಹೋದರೆ ಏನೆಂದು ಬರೆಸಬೇಕು? ಗಿರಣಿಯ ಜನ ಮಾತ್ರ, ಹೊಸ ರಬ್ಬರು ಹಾಕುವ ತನಕ ಜರಡಿಯ ಹತ್ತಿರ ಹೋಗುವುದಿಲ್ಲ ಎಂದು ಕೂತರು. ಗಂಗಾವತಿಯಿಂದ ಯಾರೋ ಬಂದು ಹಾಕಿಹೋದರು.

ಸ್ಪೀಕರಿಗೆಂದು ಮೂಕಪ್ಪ ತೆಗೆದಿಟ್ಟಿದ್ದ ರಬ್ಬರು ಒಂದು ಹಿಟ್ಟಿನ ಗಿರಣಿಗೆ ಹೋಯಿತು. ಶನಿವಾರ ಹುಸೇನಪ್ಪ ಬಂದು ಗೋಗರೆದ: “ನಾಳೆ ಊಟ ಐತೋ. ನನ್ನ ಮಾರಿ ನೋಡರ ಬಾ.”

“ನಿನ್ನ ಮ್ಯಾಲ ನಂದೇನೂ ಸಿಟ್ಟಿಲ್ಲ ಹುಸೇನಪ್ಪ. ಆ ಮನೀಗ ಬರಂಗಿಲ್ಲ.”

ಐತಾರ ಮಧ್ಯಾಹ್ನ ಅವನು ಸೈಕಲ್ ತೆಗೆದುಕೊಂಡು ಆ ಬೀದಿಗೆ ಹೋದ. ಮಹಡಿಯಿಂದ ಗುಂಯ್ ಎಂಬ ದನಿ ಬರುತ್ತಿತ್ತು. ಗಾಜಿನ ಬೀರುವಿನಲ್ಲಿ ಲೋಟಗಳು ಗಿಲಿಗಿಲಿ ಎನ್ನುವುದು ಕೂಡ ಕೇಳಿಸಿತು. ಯಾರೋ ಜೋರಾಗಿ ನಕ್ಕರು. ಅರ್ಧಕ್ಕೇ ಹಾಡು ನಿಂತಿತು.

ಮನೆಗೆ ಬಂದು ಎರ್ರಮ್ಮನಿಗೆ ಹೇಳಿದ. ಅವಳು ರೊಟ್ಟಿ ತಟ್ಟುತ್ತಿದ್ದಳು.

“ಇನ್ನರ ಹೊಟ್ಟಿ ತಣ್ಣಗಾತೇನು?” ಎಂದಳು.

ಮೂಕಪ್ಪ ಕೈಕಾಲು ತೊಳೆದು ಬಂದು ತಟ್ಟೆಯ ಮುಂದೆ ಕೂತ. “ಇಲ್ಲ,” ಎಂದ. “ಆದ್ರ ಹಸಿವಾಗೇತಿ. ನೀಡು.”