ಬೀರಮ್ಮ ತುಪ್ಪ ಬಿಡಿಸಿದ ಒಂಬತ್ತು ವರ್ಷ

ಕಣಕಟ್ಟೆಯ ಬೀರಮ್ಮ ಎರಡು ಎಮ್ಮೆ ಸಾಕಿಕೊಂಡಿದ್ದಳು. ವಾರಕ್ಕೊಮ್ಮೆ ಬೆಣ್ಣೆ ಕಾಯಿಸಿ, ಮನೆಗೆ ಬೇಕಾದಷ್ಟು ಉಳಿಸಿಕೊಂಡು, ಮಿಕ್ಕ ತುಪ್ಪವನ್ನು ಬಸ್ಸಿನಲ್ಲಿ ಅರಸೀಕೆರೆಗೆ ಒಯ್ದು ನಾಲ್ಕಾರು ಮನೆಗಳಿಗೆ ಕೊಡುತ್ತಿದ್ದಳು. ಗಂಡ ಕರಿಯಣ್ಣ ತೆಂಗಿನ ತೋಟ ನೋಡಿಕೊಳ್ಳುತ್ತಿದ್ದ. ಬಿಸಿ ಮುದ್ದೆಯ ಮೇಲೆ ತುಪ್ಪ ಬೀಳದೆ ಅವನು ಕೈ ಇಡುತ್ತಿರಲಿಲ್ಲ.

1995ರಲ್ಲಿ ಒಂದು ಬೆಳಿಗ್ಗೆ ಕಾಯಿ ಸುಲಿಯುತ್ತಿದ್ದಾಗ ಅವನಿಗೆ ಎದೆ ಹಿಡಿದುಕೊಂಡಿತು. ಹಾಸನದ ಆಸ್ಪತ್ರೆಯಲ್ಲಿ ಎಂಟು ದಿನ ಇದ್ದ. ಮನೆಗೆ ಕಳಿಸುವಾಗ ಡಾಕ್ಟರು ಬೀಡಿ ಬಿಡಬೇಕು, ತುಪ್ಪ ಬೆಣ್ಣೆ ಮುಟ್ಟಬಾರದು, ಮಾತ್ರೆ ತಪ್ಪಿಸಬಾರದು ಎಂದರು. ಅಡಿಗೆಗೆ ಬೇರೆ ಏನು ಬಳಸಬೇಕೆಂದು ಬೀರಮ್ಮ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಊರಿನ ಅಂಗಡಿಯ ಚಿಕ್ಕಣ್ಣನನ್ನು ಕೇಳಿದಳು. "ತುಪ್ಪ ಬ್ಯಾಡ ಅಂದವ್ರೆ. ಅದರ ಬದ್ಲು ಏನೈತೆ?"

"ವನಸ್ಪತಿ ತಗಂಡೋಗಕ್ಕ. ತುಪ್ಪದಂಗೇ ಗಟ್ಟಿಗೈತೆ. ಎಣ್ಣೇಲಿ ಮಾಡಿರೋದು, ಹಾಲಿಂದಲ್ಲ."

ಅಂದಿನಿಂದ ತುಪ್ಪವೆಲ್ಲ ಅರಸೀಕೆರೆಗೆ ಹೋಯಿತು. ಮನೆಯಲ್ಲಿ ಒಗ್ಗರಣೆಗೆ, ರೊಟ್ಟಿಗೆ, ಹಬ್ಬದ ಕಜ್ಜಾಯಕ್ಕೆ ವನಸ್ಪತಿಯೇ. ಕರಿದು ಉಳಿದದ್ದನ್ನು ಮುಚ್ಚಿಟ್ಟು ಮತ್ತೆ ಕಾಯಿಸುತ್ತಿದ್ದಳು. ಕರಿಯಣ್ಣ ಒಂದು ತಿಂಗಳು ಗೊಣಗಿ ಸುಮ್ಮನಾದ. ಅವನು ಉಣ್ಣದ್ದನ್ನು ತಾನೂ ಉಣ್ಣಬಾರದೆಂದು ಅವಳೂ ತುಪ್ಪ ಬಿಟ್ಟಳು.

2004ರಲ್ಲಿ ತೋಟದ ದಾರಿ ನಡೆಯುವಷ್ಟಕ್ಕೇ ಅವನಿಗೆ ಉಬ್ಬಸ ಬರತೊಡಗಿತು. ಗಂಡ ಹೆಂಡತಿ ಮತ್ತೆ ಹಾಸನಕ್ಕೆ ಹೋದರು. ಈ ಸಲ ನೋಡಿದ ಡಾಕ್ಟರು ಹೆಂಗಸು. ಪರೀಕ್ಷೆ ಮುಗಿಸಿ, ಅಡಿಗೆಗೆ ಏನು ಹಾಕುತ್ತೀರಿ ಎಂದು ಕೇಳಿದರು.

"ಒಂಬತ್ತು ವರ್ಸದಿಂದ ತುಪ್ಪದ ಹನಿ ಇಕ್ಕಿಲ್ಲ ಕಣವ್ವ. ಬರೀ ವನಸ್ಪತಿ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಎಣ್ಣೆನ ಗಟ್ಟಿ ಮಾಡುವಾಗ ಅದರ ಗುಣಾನೇ ಬದಲಾಗುತ್ತೆ ಅಮ್ಮ. ರಕ್ತದಲ್ಲಿ ಕೆಟ್ಟ ಕೊಬ್ಬು ಏರುತ್ತೆ, ಒಳ್ಳೇದು ಇಳಿಯುತ್ತೆ. ಹೃದಯಕ್ಕೆ ಅದು ತುಪ್ಪಕ್ಕಿಂತ ಕೆಟ್ಟದ್ದು. ಹಾಗಂತ ತುಪ್ಪ ಮತ್ತೆ ಶುರು ಮಾಡಬೇಡಿ. ಕಡಲೆಕಾಯಿ ಎಣ್ಣೆ, ಹುಚ್ಚೆಳ್ಳೆಣ್ಣೆ, ಯಾವುದಾದರೂ ಆಗುತ್ತೆ, ಅಳತೆಯಲ್ಲಿ ಹಾಕಿ. ಕರಿದ ಎಣ್ಣೆ ಮತ್ತೆ ಕಾಯಿಸಬೇಡಿ."

ವಾಪಸು ಬರುವ ಬಸ್ಸು ಅರಸೀಕೆರೆ ದಾಟಿತು. "ನನ್ ಕೈಯಾರೆ ಇಕ್ಕಿದೀನಿ," ಎಂದಳು ಬೀರಮ್ಮ.

"ಗೊತ್ತಿದ್ದು ಇಕ್ಕಿದ್ಯಾ?" ಎಂದ ಕರಿಯಣ್ಣ. ಸ್ವಲ್ಪ ದೂರ ಹೋದ ಮೇಲೆ, "ನಾನೂ ಬೀಡಿ ಪೂರಾ ಬಿಟ್ಟಿರ್ನಿಲ್ಲ. ಡಾಕ್ಟ್ರಿಗೆ ಯೇಳ್ನಿಲ್ಲ," ಎಂದ.

"ಅಂಗಿ ಒಗೆಯೋಳು ನಾನಲ್ವಾ," ಎಂದಳು ಅವಳು.

ಮಾರನೆಯ ದಿನ ವನಸ್ಪತಿ ಡಬ್ಬವನ್ನು ತಿಪ್ಪೆಗೆ ಸುರಿದಳು. ಮುಂದಿನ ಮಳೆಗಾಲದಲ್ಲಿ ರಾಗಿ ಹೊಲದ ನಡುವೆ ಹುಚ್ಚೆಳ್ಳಿನ ಸಾಲು ಹಾಕಿಸಿ, ಎಣ್ಣೆ ಆಡಿಸಿ ತಂದು, ಒಂದೊಂದು ಹೊತ್ತಿಗೆ ಇಷ್ಟೇ ಚಮಚ ಎಂದು ಹಾಕತೊಡಗಿದಳು. ಕರಿಯಣ್ಣ ಹೊಸ ಮಾತ್ರೆ ನುಂಗಿದ, ಬೀಡಿಯನ್ನೂ ಬಿಟ್ಟ. ವರ್ಷದ ನಂತರದ ಪರೀಕ್ಷೆಯಲ್ಲಿ ಕೆಟ್ಟ ಕೊಬ್ಬು ಇಳಿದಿತ್ತು. ಯಾವುದರಿಂದ ಎಷ್ಟು ಇಳಿಯಿತೆಂದು ಡಾಕ್ಟರು ಬಿಡಿಸಿ ಹೇಳಲಿಲ್ಲ. ಅವನು ಮತ್ತೆ ತೋಟಕ್ಕೆ ಹೋಗತೊಡಗಿದ. ಕಾಯಿ ಸುಲಿಯಲು ಮಾತ್ರ ಆಳು ಬರುತ್ತಿದ್ದ.

2006ರಲ್ಲಿ ಗೆಂಡೆಹಳ್ಳಿಯಲ್ಲಿ ನೆಂಟರ ಮದುವೆ. ಬೀರಮ್ಮ ನೇರವಾಗಿ ಒಲೆಯ ಹತ್ತಿರ ಹೋಗಿ ಲಾಡು ಯಾತರಲ್ಲಿ ಕರಿದದ್ದೆಂದು ಅಡಿಗೆಯ ಕೆಂಚಯ್ಯನನ್ನು ಕೇಳಿದಳು. ವನಸ್ಪತಿ ಎಂದ. ಪಂಕ್ತಿಗೆ ಬಂದು ಗಂಡನ ಪಕ್ಕ ಕೂತು, ತನ್ನ ಎಲೆಯ ಲಾಡನ್ನು ಅಂಚಿಗೆ ಸರಿಸಿದಳು. ಕರಿಯಣ್ಣ ಅದನ್ನು ನೋಡಿದ. ತನ್ನದರಲ್ಲಿ ಅರ್ಧ ಮುರಿದು ತಿಂದು, ಉಳಿದರ್ಧ ಬಿಟ್ಟ.